ಪೋಡಿನ ಹಿರಿಯರ ಮಾತೂ ದಾಖಲೆಯೇ

ಅರಣ್ಯ ಹಕ್ಕಿಗೆ ಅರ್ಜಿ ಹಾಕಿದವರನ್ನು ಕಚೇರಿಯಿಂದ ಕಚೇರಿಗೆ ಅಲೆಸುವ ಪ್ರಶ್ನೆ ಒಂದೇ: ದಾಖಲೆ ಎಲ್ಲಿದೆ? ಪಹಣಿ, ಪಟ್ಟಾ, ಕಂದಾಯದ ರಸೀದಿ ಎಲ್ಲ ಇದ್ದವರಿಗೆ ಈ ಕಾಯ್ದೆಯೇ ಬೇಕಿರಲಿಲ್ಲ. ಅವು ಇಲ್ಲದವರಿಗಾಗಿಯೇ 2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಮಾನ್ಯತೆ ಕಾಯ್ದೆ ತಂದಿತು. ಅದರ ಕೆಳಗೆ ಹಾಕಿದ ಅರ್ಜಿಗೂ ಪಟ್ಟಾ ಕೇಳಿದರೆ ಏನು ಹೇಳಬೇಕು ಎಂಬುದು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕಾಡಂಚಿನ ಪ್ರತಿ ಮನೆಗೂ ಗೊತ್ತಿರಬೇಕು.

ಹುಲಿ ಕಾಡಿನಲ್ಲಿ ಹಕ್ಕು ಸಿಗುವುದಿಲ್ಲ ಎಂದು ಹೇಳುವವರು ಇನ್ನೂ ಇದ್ದಾರೆ. ಬಿಳಿಗಿರಿರಂಗನಬೆಟ್ಟ 1974ರಲ್ಲಿ ವನ್ಯಜೀವಿಧಾಮವಾದಾಗ ಅಲ್ಲಿನ ಆದಿವಾಸಿಗಳಾದ ಸೋಲಿಗರ ಕಾಡುಬೇಸಾಯ ನಿಂತಿತು. ಮುಂದೆ ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸಿ ಮಾರುವುದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷ ಅಲ್ಲಿನ 25 ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ದೇಶದ ಹುಲಿ ಕಾಡೊಂದರಲ್ಲಿ ಹೀಗಾದದ್ದು ಅದೇ ಮೊದಲು. ಕಾಯ್ದೆ ವನ್ಯಜೀವಿಧಾಮಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವುದು ಈಗ ಯಾರೋ ಕೊಡುವ ರಿಯಾಯಿತಿಯಲ್ಲ, ಹಕ್ಕು.

ಯಾರು ಅರ್ಜಿ ಹಾಕಬಹುದು? ಸೋಲಿಗರು ಪರಿಶಿಷ್ಟ ಪಂಗಡದವರಾದ್ದರಿಂದ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ನೆಲೆಸಿ, ಬದುಕಿಗೆ ಅದನ್ನೇ ನಂಬಿದ್ದರೆ ಸಾಕು. ಮಹದೇಶ್ವರ ಬೆಟ್ಟದ ಬೇಡಗಂಪಣರಂತೆ ಪಂಗಡದ ಪಟ್ಟಿಯಲ್ಲಿಲ್ಲದವರು ಆ ದಿನಕ್ಕೆ ಹಿಂದಿನ 75 ವರ್ಷ, ಅಂದರೆ ಮೂರು ತಲೆಮಾರಿನ ವಾಸವನ್ನು ತೋರಿಸಬೇಕು. ಇಲ್ಲೇ ನಮ್ಮ ಸೀಮೆಯ ಚರಿತ್ರೆ ಕೆಲಸಕ್ಕೆ ಬರುತ್ತದೆ. ಲೆಕ್ಕ 1930ಕ್ಕೆ ಹೋಗುತ್ತದೆ. ಆಗ ಇಂದಿನ ಹನೂರೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಮೈಸೂರಿಗೆ ಬಂದದ್ದು 1956ರ ನವೆಂಬರ್ 1ರಂದು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಬಂದ ಜಹಗೀರು. ಚಾಮರಾಜನಗರ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಹೀಗಿರುವಾಗ ಜಿಲ್ಲಾ ಕಚೇರಿಯ ಕಪಾಟಿನಲ್ಲಿ 1930ರ ಕಾಗದ ಸಿಗಲಿಲ್ಲವೆಂದರೆ ಜನ ಅಲ್ಲಿರಲಿಲ್ಲ ಎಂದರ್ಥವಲ್ಲ. ಹಳೆಯ ಪ್ರಾಂತ್ಯ, ಸಂಸ್ಥಾನಗಳ ನಕ್ಷೆ, ಗೆಜೆಟಿಯರ್, ಜನಗಣತಿ, ಸರ್ವೆ ವರದಿಗಳನ್ನು ನಿಯಮ ಸಾಕ್ಷ್ಯವೆಂದೇ ಒಪ್ಪುತ್ತದೆ.

ಕಾಗದವೇ ಇಲ್ಲದಿದ್ದರೂ ದಾರಿಯಿದೆ. 2008ರ ನಿಯಮಗಳಲ್ಲಿ 13ನೆಯದು ಸಾಕ್ಷ್ಯಗಳ ಉದ್ದನೆಯ ಪಟ್ಟಿ ಕೊಡುತ್ತದೆ. ಅವುಗಳಲ್ಲಿ ಎರಡು ಇದ್ದರೂ ನಡೆಯುತ್ತದೆ. ಮನೆ, ಗುಡಿಸಲು, ಹೊಲಕ್ಕೆ ಕಟ್ಟಿದ ಒಡ್ಡು, ಬಾವಿ, ಸಮಾಧಿ, ದೇವರ ಜಾಗ ಇವೆಲ್ಲ ಸಾಕ್ಷ್ಯಗಳೇ. ಅರ್ಜಿದಾರರಲ್ಲದ ಹಿರಿಯರೊಬ್ಬರು ಹೇಳಿದ್ದನ್ನು ಬರೆದುಕೊಂಡರೆ ಅದೂ ಒಂದು. ಪೋಡಿನ ಯಜಮಾನರ ಬಾಯಲ್ಲಿರುವ ಕುಲ, ಗಡಿ, ದೇವರ ಕಲ್ಲುಗಳ ವಿವರ ಈ ಪಟ್ಟಿಗೇ ಸೇರುತ್ತದೆ. ಬಿಳಿಗಿರಿರಂಗನಬೆಟ್ಟದ ಸೋಲಿಗರು ಸಂಶೋಧಕರ ಜೊತೆಗೂಡಿ ತಮ್ಮ ಪವಿತ್ರ ಸ್ಥಳಗಳ ನಕ್ಷೆ ಮಾಡಿಸಿದ್ದು ಸುಮ್ಮನೆ ಅಲ್ಲ. ಅರಣ್ಯ ಇಲಾಖೆ ಹಿಂದೆಂದೋ ಹಾಕಿದ ದಂಡದ ರಸೀದಿಯನ್ನೂ ಎಸೆಯಬೇಡಿ: ನೀವು ಅಲ್ಲಿದ್ದಿರೆಂದು ಇಲಾಖೆಯೇ ಬರೆದುಕೊಟ್ಟ ಕಾಗದ ಅದು! ಅಂಥ ರಸೀದಿ ಇದೆ ಎಂದಾಗಲೀ ಇಲ್ಲ ಎಂದಾಗಲೀ, ಅದೊಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಮಾತ್ರ.

ಅರ್ಜಿ ಸೇರಬೇಕಾದದ್ದು ಅರಣ್ಯ ಕಚೇರಿಗಲ್ಲ, ಗ್ರಾಮಸಭೆಗೆ. ಅದು ಆರಿಸಿದ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಸ್ಥಳ ನೋಡಿ ವರದಿ ಕೊಡುತ್ತದೆ. ಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಹಾಜರಿ ಪುಸ್ತಕದಲ್ಲಿ ಸಹಿ, ಹೆಬ್ಬೆಟ್ಟು ಬಿದ್ದಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಮುಂದೆ ನಿರ್ಣಯಕ್ಕೇ ತಕರಾರು ಬರಬಹುದು. ನಿರ್ಣಯ ಉಪವಿಭಾಗ ಮಟ್ಟದ ಸಮಿತಿಗೆ ಹೋಗಿ, ಅಲ್ಲಿಂದ ಜಿಲ್ಲಾ ಸಮಿತಿಯಲ್ಲಿ ಅಂತಿಮವಾಗುತ್ತದೆ.

ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲೇ ಕೊಡಬೇಕು. ಬಾಯಿಮಾತಿನ 'ಆಗಲ್ಲ' ಆದೇಶವಲ್ಲ. ಗ್ರಾಮಸಭೆಯ ನಿರ್ಣಯದ ವಿರುದ್ಧ 60 ದಿನದೊಳಗೆ ಉಪವಿಭಾಗ ಸಮಿತಿಗೆ, ಅಲ್ಲಿನ ತೀರ್ಮಾನದ ವಿರುದ್ಧ ಮತ್ತೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಬಹುದು. ಹಕ್ಕು ಗುರುತಿಸುವ ಕೆಲಸ ಮುಗಿಯುವವರೆಗೆ ಅರ್ಜಿದಾರರನ್ನು ಒಕ್ಕಲೆಬ್ಬಿಸುವಂತಿಲ್ಲ ಎನ್ನುತ್ತದೆ ಕಲಂ 4(5). ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವರು ಸೋಲಿಗರ ಅರಣ್ಯ ಹಕ್ಕಿಗೆ ಅಡ್ಡಿಪಡಿಸಿದರೆ ಅದು 2016ರಿಂದ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

2024ರ ಲೋಕಸಭಾ ಚುನಾವಣೆಯಲ್ಲಿ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮೂಲಸೌಕರ್ಯವಿಲ್ಲದ ಸಿಟ್ಟು ಮತಯಂತ್ರ ಒಡೆಯುವವರೆಗೆ ಹೋಯಿತು, ಮರುಮತದಾನ ನಡೆಯಿತು. ಒಡೆದದ್ದು ತಪ್ಪು. ಆದರೆ ಇದೇ ಕಾಯ್ದೆಯ ಕಲಂ 3(2) ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ ಮುಂತಾದ 13 ಸೌಲಭ್ಯಗಳಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅವಕಾಶ ಮಾಡಿದೆ. ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯಬಾರದು. ಗ್ರಾಮಸಭೆಯ ಶಿಫಾರಸು ಬೇಕು. 'ಕಾಡು, ರಸ್ತೆ ಆಗಲ್ಲ' ಎಂದವರ ಮುಂದೆ ಈ ಕಲಂ ಇಡಿ.

ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಯಾವುದೇ ಜಾತಿಯ ಹೆಂಗಸರಿಗೂ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹಕ್ಕುಪತ್ರ ಕೈಗೆ ಬಂದ ದಿನ ಅದರಲ್ಲಿ ಗಂಡ, ಹೆಂಡತಿ ಇಬ್ಬರ ಹೆಸರೂ ಇದೆಯೇ ಎಂದು ಓದಿಸಿ ನೋಡಿ. ಆ ಜಮೀನು ಮಕ್ಕಳಿಗೆ ಹೋಗುತ್ತದೆ, ಮಾರಲು ಮಾತ್ರ ಬರುವುದಿಲ್ಲ. ಕೊಳ್ಳುತ್ತೇನೆಂದು ಮುಂಗಡ ಹಿಡಿದು ಬಂದವರನ್ನು ಹಾಗೆಯೇ ಕಳಿಸಿ.