ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಗಾಲ್ಫ್ ಹ್ಯಾಂಡಿಕ್ಯಾಪ್ ಲೆಕ್ಕ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ನಮ್ಮ ತಂಬ್ರಹಳ್ಳಿಯಲ್ಲಿ ಗಾಲ್ಫ್ ಮೈದಾನ ಇಲ್ಲ. ಆದರೆ ಗಾಲ್ಫ್‌ನವರು ತಲೆಕೆಡಿಸಿಕೊಂಡಿರುವ ಒಂದು ಸಮಸ್ಯೆ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಮುಟ್ಟಾಟಕ್ಕೆ ಅಣ್ಣನ ಹಿಂದೆ ಪುಟ್ಟ ತಮ್ಮನೂ ಬರ್ತಿದ್ದ. ಬೇಡ ಅಂದ್ರೆ ಅಳ್ತಾನೆ, ಸೇರಿಸಿಕೊಂಡ್ರೆ ಮೊದಲೇ ಔಟ್ ಆಗ್ತಾನೆ. ಹಾಗಾಗಿ ಅವನು 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಓಟದ ಪಂದ್ಯದಲ್ಲಿ ಮಾತ್ರ ಬೇರೆ ದಾರಿ ಇತ್ತು: "ನೀನು ಹತ್ತು ಹೆಜ್ಜೆ ಮುಂದೆ ನಿಂತ್ಕೋ." ಆಗ ಅವನೂ ಗೆಲ್ಲಬಹುದು.

ಆ ಹತ್ತು ಹೆಜ್ಜೆಯೇ ಹ್ಯಾಂಡಿಕ್ಯಾಪ್. ಆದರೆ ಹತ್ತೇ ಯಾಕೆ, ಎಂಟು ಯಾಕಲ್ಲ? ಅದನ್ನು ಯಾರು ಹೇಳಬೇಕು? ಹವ್ಯಾಸಿ ಗಾಲ್ಫ್ ಸೊಸೈಟಿಗಳು ಪ್ರತಿ ವಾರ ಉತ್ತರಿಸುವ ಪ್ರಶ್ನೆ ಇದೇ.

ಮೊದಲು ಆಟದ ಬಗ್ಗೆ ಎರಡು ಮಾತು. 18 ಹೋಲ್‌ಗಳಿಗೆ ಚೆಂಡು ಹಾಕಲು ಯಾರು ಕಡಿಮೆ ಹೊಡೆತ ತಗೋತಾರೋ ಅವರು ಗೆದ್ದಂತೆ. ವೃತ್ತಿಪರರಿಗೆ ಯಾವ ರಿಯಾಯಿತಿಯೂ ಇಲ್ಲ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡದ್ದು ಒಂದೇ ಒಂದು ಹೊಡೆತದಲ್ಲಿ. ಹವ್ಯಾಸಿಗಳ ಕಥೆ ಬೇರೆ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಇರಲಿ, ಹತ್ತು ಗೆಳೆಯರ ಚಿಕ್ಕ ಸೊಸೈಟಿ ಇರಲಿ, 80 ಹೊಡೆತದವರೂ 100 ಹೊಡೆತದವರೂ ಒಟ್ಟಿಗೇ ಆಡ್ತಾರೆ. ಹ್ಯಾಂಡಿಕ್ಯಾಪ್ ಇಲ್ಲದಿದ್ದರೆ ಪ್ರತಿ ವಾರ ಅದೇ ಇಬ್ಬರು ಗೆಲ್ತಾರೆ, ಉಳಿದವರು ಒಂದು ತಿಂಗಳಲ್ಲಿ ಬರೋದು ನಿಲ್ಲಿಸ್ತಾರೆ.

2020ಕ್ಕೂ ಮೊದಲು ಜಗತ್ತಿನಲ್ಲಿ ಆರು ಬೇರೆ ಬೇರೆ ಹ್ಯಾಂಡಿಕ್ಯಾಪ್ ಪದ್ಧತಿಗಳಿದ್ದವು. ಈಗ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಅನ್ನುವ ಒಂದೇ ಪದ್ಧತಿ ಇದೆ. ಅದನ್ನು ಮೂರು ಹಂತದಲ್ಲಿ ನೋಡೋಣ.

ಹಂತ 1: ಒಂದು ಆಟದ ಬೆಲೆ. ಎಲ್ಲ ಮೈದಾನಗಳೂ ಒಂದೇ ಥರ ಕಷ್ಟ ಇರಲ್ಲ. ಅದಕ್ಕೇ ಪ್ರತಿ ಮೈದಾನಕ್ಕೆ ಎರಡು ಸಂಖ್ಯೆ. ಕೋರ್ಸ್ ರೇಟಿಂಗ್ ಅಂದ್ರೆ ಪಳಗಿದ ಆಟಗಾರನಿಗೆ ಅಲ್ಲಿ ಎಷ್ಟು ಹೊಡೆತ ಬೇಕು ಅನ್ನುವ ಅಂದಾಜು. ಸ್ಲೋಪ್ ರೇಟಿಂಗ್ ಅಂದ್ರೆ ಪಳಗಿದವನಿಗೆ ಹೋಲಿಸಿದರೆ ಸಾಧಾರಣ ಆಟಗಾರನಿಗೆ ಆ ಮೈದಾನ ಎಷ್ಟು ಹೆಚ್ಚು ಕಾಡುತ್ತದೆ ಅನ್ನುವ ಅಳತೆ. ಇದು 55ರಿಂದ 155ರವರೆಗೆ ಇರುತ್ತದೆ, 113 ಅನ್ನು ಪ್ರಮಾಣವೆಂದು ಇಟ್ಟುಕೊಂಡಿದ್ದಾರೆ. ನಮ್ಮ ಉದಾಹರಣೆಯ ಆಟಗಾರ 'ಎ', ರೇಟಿಂಗ್ 71.2, ಸ್ಲೋಪ್ 128 ಇರುವ ಕಡೆ 95 ಹೊಡೆದ ಅಂದುಕೊಳ್ಳಿ. ಮೊದಲು ಕಳೆಯಿರಿ: 95 − 71.2 = 23.8. ಅದನ್ನು 113ರಿಂದ ಗುಣಿಸಿ 128ರಿಂದ ಭಾಗಿಸಿ: 21.0. ಲ್ಯಾಬ್‌ನಲ್ಲಿ ನಾವು ರೀಡಿಂಗ್ ನಾರ್ಮಲೈಸ್ ಮಾಡ್ತೀವಲ್ಲ, ಅದೇ ಕೆಲಸ.

ಇಲ್ಲೊಂದು ಕತ್ತರಿಯೂ ಇದೆ. ಒಂದೇ ಹೋಲ್‌ನಲ್ಲಿ ಚೆಂಡು ನೀರಿಗೆ ಬಿದ್ದು 11 ಹೊಡೆತ ಆದ್ರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಅಷ್ಟೂ ಬರಲ್ಲ. ಆ ಹೋಲ್‌ನ ಪಾರ್, ಅದಕ್ಕೆ 2, ಜೊತೆಗೆ ಆ ಹೋಲ್‌ನಲ್ಲಿ ಅವನಿಗಿರುವ ರಿಯಾಯಿತಿ, ಅಷ್ಟೇ ಗರಿಷ್ಠ. ಪಾರ್ 4, ರಿಯಾಯಿತಿ 1 ಇದ್ದರೆ 7. ಔಟ್‌ಲೈಯರ್ ಒಂದು ಇಡೀ ಡೇಟಾ ಕೆಡಿಸಬಾರದು, ಅಷ್ಟೇ.

ಹಂತ 2: ಆಟಗಾರನ ಸಂಖ್ಯೆ. ಕೊನೆಯ 20 ಆಟಗಳಲ್ಲಿ ಅತ್ಯುತ್ತಮ 8ನ್ನು ಆರಿಸಿ ಸರಾಸರಿ ತೆಗೀತಾರೆ. ಎಷ್ಟೋ ಕಾಲೇಜುಗಳಲ್ಲಿ ಮೂರು ಇಂಟರ್ನಲ್ಸ್‌ನಲ್ಲಿ ಬೆಸ್ಟ್ ಎರಡು ತಗೊಂಡ ಹಾಗೆ. ಎಲ್ಲ 20ರ ಸರಾಸರಿ ಯಾಕಲ್ಲ? ಯಾಕಂದ್ರೆ ಇಲ್ಲಿ ಅಳೆಯೋದು ಆಟಗಾರ ಸಾಮಾನ್ಯವಾಗಿ ಹೇಗೆ ಆಡ್ತಾನೆ ಅನ್ನೋದನ್ನಲ್ಲ, ಚೆನ್ನಾಗಿ ಆಡಿದ ದಿನ ಎಷ್ಟು ಆಡಬಲ್ಲ ಅನ್ನೋದನ್ನ. ಒಂದೆರಡು ದಿನ ಬೇಕಂತಲೇ ಕೆಟ್ಟದಾಗಿ ಆಡಿದವನಿಗೂ ಇದರಿಂದ ಹೆಚ್ಚೇನೂ ಲಾಭ ಇಲ್ಲ. ಈ ಸರಾಸರಿಯೇ ಹ್ಯಾಂಡಿಕ್ಯಾಪ್ ಇಂಡೆಕ್ಸ್, ಗರಿಷ್ಠ 54.0.

ಹಂತ 3: ಇವತ್ತಿನ ಮೈದಾನಕ್ಕೆ ರಿಯಾಯಿತಿ. 'ಎ' ಇಂಡೆಕ್ಸ್ 20.4 ಅನ್ನೋಣ. ಅದನ್ನು ಇವತ್ತಿನ ಸ್ಲೋಪ್‌ನಿಂದ ಗುಣಿಸಿ 113ರಿಂದ ಭಾಗಿಸಬೇಕು, ಬಳಿಕ ರೇಟಿಂಗ್ ಮತ್ತು ಪಾರ್‌ನ ವ್ಯತ್ಯಾಸ ಸೇರಿಸಬೇಕು. ಅದೇ ಮೈದಾನದಲ್ಲಿ, ಪಾರ್ 72 ಇದ್ದರೆ, 23.1 − 0.8 = 22.3, ಅಂದರೆ 22. ಸ್ಲೋಪ್ 105, ರೇಟಿಂಗ್ 68.5, ಪಾರ್ 70 ಇರುವ ಸುಲಭ ಮೈದಾನದಲ್ಲಿ ಅವನಿಗೇ ಬರೀ 17. ಮನುಷ್ಯ ಅವನೇ, ಮೈದಾನ ಬದಲಾದ್ರೆ ಹೆಜ್ಜೆಯೂ ಬದಲು.

ಈಗ ಪಂದ್ಯ ನೋಡಿ. 'ಎ' 95 ಹೊಡೆದ, 22 ಕಳೆದರೆ 73. ಹ್ಯಾಂಡಿಕ್ಯಾಪ್ 6 ಇರುವ 'ಬಿ' 80 ಹೊಡೆದ, ಕಳೆದರೆ 74. ಗೆದ್ದವನು 'ಎ'!

"ಅಲ್ರೀ, ಹಂಗಾದ್ರೆ ಸುಮ್ನೆ ಕೆಟ್ಟದಾಗಿ ಆಡಿ 30 ಮಾಡ್ಕೊಂಡು, ಬಹುಮಾನದ ದಿನ ಚೆನ್ನಾಗಿ ಆಡಬಹುದಲ್ಲ?" ಅಂತ ಕೇಳ್ತೀರಿ. ಹೌದು, ಇಡೀ ಪದ್ಧತಿಯ ಹುಣ್ಣು ಇದೇ. ಪದ್ಧತಿಯಲ್ಲಿ ಇದಕ್ಕೆ ಎರಡು ಬೇಲಿ ಇವೆ. ಒಂದು, ಹಿಂದಿನ 365 ದಿನಗಳ ಅತಿ ಕಡಿಮೆ ಇಂಡೆಕ್ಸ್‌ಗಿಂತ 3 ಮೇಲೆ ಹೋದರೆ ಆಮೇಲಿನ ಏರಿಕೆ ಅರ್ಧಕ್ಕಿಳಿಯುತ್ತದೆ, 5ಕ್ಕಿಂತ ಮೇಲೆ ಏರುವ ಹಾಗೇ ಇಲ್ಲ. ಎರಡು, ತನ್ನ ಇಂಡೆಕ್ಸ್‌ಗಿಂತ 7 ಅಥವಾ ಹೆಚ್ಚು ಉತ್ತಮವಾಗಿ ಆಡಿದರೆ 1, 10 ಅಥವಾ ಹೆಚ್ಚಾದರೆ 2 ಹೆಚ್ಚುವರಿಯಾಗಿ ಕಡಿತ. ಇದರ ಮೇಲೆ ಕೆಲವು ಸೊಸೈಟಿಗಳು ಗೆದ್ದವನಿಗೆ ಮುಂದಿನ ಪಂದ್ಯಕ್ಕೆ ಒಂದೆರಡು ಹೊಡೆತ ತಾವೇ ಇಳಿಸುತ್ತವೆ.

ಆದರೂ ಕೊನೆಗೆ ಎಲ್ಲ ನಿಂತಿರೋದು ಒಂದು ಕಾರ್ಡ್ ಮೇಲೆ. ಜೊತೆಗೆ ಆಡಿದವನು ಎಣಿಸಿ ಸಹಿ ಹಾಕ್ತಾನೆ, ಆಡಿದವನೂ ಸಹಿ ಹಾಕ್ತಾನೆ. ಲೆಕ್ಕ ನೋಡುವ ಕಾರ್ಯದರ್ಶಿಗೆ ಆ ಕಾರ್ಡ್ ಬಿಟ್ಟರೆ ಬೇರೆ ಕಣ್ಣಿಲ್ಲ. ಸೆನ್ಸರ್ ಸುಳ್ಳು ಹೇಳಿದರೆ ಎಂಥ ಆಲ್ಗಾರಿದಮ್ ಇದ್ದೂ ಏನು ಪ್ರಯೋಜನ? ಕೆಟ್ಟ ಕಾರ್ಡನ್ನು ಕೊಟ್ಟಷ್ಟೇ ಸಲೀಸಾಗಿ ಒಳ್ಳೆ ಕಾರ್ಡನ್ನೂ ಕೊಡುವವರು ಇದ್ದರೆ ಮಾತ್ರ ಈ ಗಣಿತಕ್ಕೆ ಅರ್ಥ.

ಗಾಲ್ಫ್ ಇಲ್ಲದಿದ್ದರೂ ಇದನ್ನು ಮಾಡಿ ನೋಡಬಹುದು. ಹಾಸ್ಟೆಲ್ ಗೆಳೆಯರು 5 ಕಿಲೋಮೀಟರ್ ಓಟ ಇಟ್ಟುಕೊಳ್ಳಿ. ಪ್ರತಿಯೊಬ್ಬರ ಕೊನೆಯ ಐದು ಓಟಗಳಲ್ಲಿ ಉತ್ತಮ ಎರಡರ ಸರಾಸರಿ ತೆಗೆಯಿರಿ. ಒಬ್ಬನದು 24 ನಿಮಿಷ, ಇನ್ನೊಬ್ಬನದು 30 ಬಂದರೆ, ನಿಧಾನದವನು 6 ನಿಮಿಷ ಮೊದಲು ಹೊರಡಲಿ. ಕೊನೆಯ ನೂರು ಮೀಟರ್‌ನಲ್ಲಿ ಇಬ್ಬರೂ ಏದುಸಿರು ಬಿಡ್ತಾ ಒಟ್ಟಿಗೇ ಓಡ್ತಿದ್ದರೆ ನಿಮ್ಮ ಲೆಕ್ಕ ಸರಿ ಇದೆ ಅಂತ ಅರ್ಥ. ಅವತ್ತು ಆ ನಿಧಾನದವನು ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು.