ಕೂಸಿನ ಮೂಗು ಕಟ್ಟಿದಾಗ

ತೊಗರಿ ರಾಶಿಯ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಗಾಳಿ ಒಣಗಿ, ಹೊಟ್ಟಿನ ದೂಳು ಏಳುತ್ತದೆ. ದೊಡ್ಡವರು ಒಡೆದ ತುಟಿಗೆ ಎಣ್ಣೆ ಸವರಿಕೊಂಡಾರು; ನೆಗಡಿಯಾದ ಎಳೆಗೂಸಿನ ಕಷ್ಟವೇ ಬೇರೆ. ಮೊದಲ ಕೆಲವು ತಿಂಗಳು ಅದು ಉಸಿರಾಡುವುದು ಬಹುಪಾಲು ಮೂಗಿನಿಂದಲೇ. ಮೂಗು ಕಟ್ಟಿದರೆ ಹಾಲು ಚೀಪುವುದೂ ಕಷ್ಟ.

ಹ್ಯುಮಿಡಿಫೈಯರ್ ನೆಗಡಿಯ ಮದ್ದಲ್ಲ. ಕೋಣೆಯ ಗಾಳಿಗೆ ತೇವ ಸೇರಿಸಿ ಸಿಂಬಳ ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಕೊಳ್ಳುವುದಾದರೆ ತಂಪು ಮಂಜಿನದನ್ನೇ ಕೊಳ್ಳಿ. ಬಿಸಿ ಹಬೆಯ ಯಂತ್ರವಾಗಲಿ ಕುದಿಯುವ ನೀರಿನ ಪಾತ್ರೆಯಾಗಲಿ ಕೂಸನ್ನು ಸುಟ್ಟೀತು. ತಂಪು ಮಂಜಿನ ಯಂತ್ರವನ್ನೂ ತೊಟ್ಟಿಲಿನಿಂದ ಮಾರು ದೂರವಿಡಿ. ಬೋರ್‌ವೆಲ್‌ನ ಗಡುಸು ನೀರು ಹಾಕಿದರೆ ಸುಣ್ಣದಂಥ ಬಿಳಿ ಪುಡಿ ಗಾಳಿಗೆ ಸೇರುತ್ತದೆ. ಕುದಿಸಿದರೂ ಆ ಲವಣವೆಲ್ಲ ಹೋಗದು. ಡಿಸ್ಟಿಲ್ಡ್ ನೀರೇ ಒಳ್ಳೆಯದು. ದಿನವೂ ನೀರು ಚೆಲ್ಲಿ, ತೊಳೆದು, ಒಣಗಿಸಿ. ಇಲ್ಲವಾದರೆ ಬೂಷ್ಟು ಬೆಳೆದು ಅದನ್ನೇ ಕೂಸಿಗೆ ಉಸಿರಾಡಿಸಿದಂತೆ.

ಯಂತ್ರವಿಲ್ಲವೆಂದು ಕೊರಗಬೇಡಿ. ಹಾಲುಣಿಸುವ ಮುನ್ನ ಮೂಗಿಗೆ ಒಂದೆರಡು ಸಲೈನ್ ಹನಿ ಬಿಟ್ಟರೆ ಸಾಕಷ್ಟು ಆರಾಮ. ಎರೆದ ಮೇಲೆ ಲೋಬಾನದ ಹೊಗೆ ಹಾಕುವ ಅಜ್ಜಿಯರೊಡನೆ ಜಗಳ ಬೇಡ, ಆದರೆ ಹೊಗೆಯೂ ಬೇಡ. ಎರಡು ವರ್ಷದೊಳಗಿನ ಮಗುವಿಗೆ ಕರ್ಪೂರದ ಮುಲಾಮು ಹಚ್ಚಬೇಡಿ; ಅಂಗಡಿಯ ಕೆಮ್ಮಿನ ಸಿರಪ್ಪನ್ನಂತೂ ಮುಟ್ಟಲೇಬೇಡಿ.

ಎದೆಗೂಡು ಒಳಸೆಳೆದರೆ, ಕೂಸು ಹಾಲು ಬಿಟ್ಟರೆ, ಎರಡು ತಿಂಗಳೊಳಗಿನದು ನಿಮಿಷಕ್ಕೆ 60 ಸಲ ಅಥವಾ ಹೆಚ್ಚು ಉಸಿರಾಡುತ್ತಿದ್ದರೆ, ಮೂರು ತಿಂಗಳೊಳಗಿನದಕ್ಕೆ ಜ್ವರ ಬಂದರೆ ಬೆಳಗಾಗಲೆಂದು ಕಾಯಬೇಡಿ. ತಾಲ್ಲೂಕು ದವಾಖಾನೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.