ಇಲಾಖೆ ನೋಟೀಸು ಬಂದರೆ ಕೋರ್ಟೇ ಹತ್ತಬೇಕೆ?

ಸರಕಾರದ ಯಾವುದಾದರೂ ಇಲಾಖೆಯಿಂದ ದಂಡದ ನೋಟೀಸು ಬಂದರೆ ರೈತನಿಗೆ ಇರೋದು ಎರಡೇ ದಾರಿ ಅಂತ ನಮ್ಮ ಕಡೆ ನಂಬಿಕೆ. ಒಂದು, ಸಾಲ ಮಾಡಿಯಾದರೂ ಕೇಳಿದಷ್ಟು ಕಟ್ಟುವುದು. ಇನ್ನೊಂದು, ವಕೀಲರನ್ನು ಹಿಡಿದು ಕೋರ್ಟು ಹತ್ತುವುದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆ ನಮಗೆಲ್ಲ ಗೊತ್ತಿದ್ದದ್ದೇ. ಇವೆರಡರ ನಡುವೆ ಕಾನೂನೇ ಹಾಕಿಕೊಟ್ಟ ಮೂರನೇ ದಾರಿಯೊಂದಿದೆ. ಅದು ರಾಜಿಯ ದಾರಿ.

ನಾನು ಓದಿದ್ದು ಏಳನೇ ಕ್ಲಾಸು. ಮಳೆ ನಂಬಿಕೊಂಡು ಶೇಂಗಾ, ಜೋಳ ಬೆಳೆಯುವವನು. ಊರಿನ ನಾಲ್ಕಾರು ಜನರ ಜೊತೆ ಲೋಕ ಅದಾಲತ್ತಿಗೆ ಓಡಾಡಿ, ತಿಳಿದ ವಕೀಲರನ್ನು ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೂರು ಬಗೆಯ ಮೇಜು

ರಾಜಿ ಅಂದರೆ ಎಲ್ಲ ಒಂದೇ ಅಂತ ತಿಳಿಯಬಾರದು. ಮೂರು ಬಗೆ ಇದೆ, ಮೂರಕ್ಕೂ ಗುಣ ಬೇರೆ.

ಮೊದಲನೆಯದು ಲೋಕ ಅದಾಲತ್. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಇದಕ್ಕೆ ಆಧಾರ. ಆ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರಿನಲ್ಲಿ. ಕೋರ್ಟಿನಲ್ಲಿರುವ ಕೇಸನ್ನೂ ಇಲ್ಲಿಗೆ ತರಬಹುದು, ಇನ್ನೂ ಕೋರ್ಟಿಗೆ ಹೋಗದ ತಕರಾರನ್ನೂ ತರಬಹುದು. ಶುಲ್ಕ ಇಲ್ಲ. ಕೋರ್ಟಿನಲ್ಲಿ ಮೊದಲೇ ಕಟ್ಟಿದ ಶುಲ್ಕ ಇದ್ದರೆ, ರಾಜಿಯಾದ ಮೇಲೆ ವಾಪಸು ಸಿಗುತ್ತದೆ. ಇಲ್ಲಿ ಕೂತವರು ತೀರ್ಪು ಹೇರುವ ಹಾಗಿಲ್ಲ. ಇಬ್ಬರೂ ಒಪ್ಪಿದರೆ ಉಂಟು, ಇಲ್ಲದಿದ್ದರೆ ಕೇಸು ಬಂದ ದಾರಿಯಲ್ಲೇ ಹಿಂದಕ್ಕೆ.

ಎರಡನೆಯದು ಕೋರ್ಟಿನ ಮಧ್ಯಸ್ತಿಕೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನ ಪ್ರಕಾರ ನ್ಯಾಯಾಧೀಶರೇ ಕೇಸನ್ನು ಇದಕ್ಕೆ ಕಳಿಸಬಹುದು. ಬೆಂಗಳೂರಿನಲ್ಲಿ ಮಧ್ಯಸ್ತಿಕೆ ಕೇಂದ್ರ 2007ರಲ್ಲಿ ಶುರುವಾಯಿತು. ತರಬೇತಿ ಪಡೆದ ಮಧ್ಯಸ್ತಗಾರರು ಇಬ್ಬರನ್ನೂ ಕೂರಿಸಿ, ಬೇಕಾದರೆ ಬೇರೆ ಬೇರೆಯಾಗಿಯೂ ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಅಲ್ಲಿಗೇ. ರಾಜಿ ಮುರಿದರೆ ಅದನ್ನು ಕೋರ್ಟಿನಲ್ಲಿ ಎತ್ತಿ ಆಡುವ ಹಾಗಿಲ್ಲ.

ಮೂರನೆಯದು ಖಾಯಂ ಲೋಕ ಅದಾಲತ್. ಹೆಸರು ಒಂದೇ ಥರ ಇದ್ದರೂ ಇದರ ಹಲ್ಲು ಬೇರೆ. 2002ರಲ್ಲಿ ಕಾಯ್ದೆಗೆ ಸೇರಿಸಿದ್ದು. ವಿದ್ಯುತ್, ನೀರು, ಬಸ್ಸು, ಅಂಚೆ, ಫೋನು, ಆಸ್ಪತ್ರೆ, ವಿಮೆ ಇಂಥ ಸಾರ್ವಜನಿಕ ಸೇವೆಗಳ ತಕರಾರಿಗೆ ಇದು ಮೀಸಲು. ಒಂದು ಕೋಟಿ ರೂಪಾಯಿವರೆಗಿನ ವಿಷಯ ತರಬಹುದು. ಇಲ್ಲೂ ಮೊದಲು ರಾಜಿಯನ್ನೇ ಪ್ರಯತ್ನಿಸುತ್ತಾರೆ. ರಾಜಿ ಆಗದಿದ್ದರೆ, ವಿಷಯ ಅಪರಾಧಕ್ಕೆ ಸೇರಿದ್ದಲ್ಲದಿದ್ದರೆ, ಅವರೇ ತೀರ್ಪು ಕೊಡಬಹುದು. ಆದರೆ ರಾಜಿಯ ಮೆಟ್ಟಿಲು ಹಾರಿಸಿ ನೇರ ತೀರ್ಪಿಗೆ ಹೋಗಬಾರದು, ಎದುರು ಪಕ್ಷ ಬಾರದಿದ್ದರೂ ಆ ಕ್ರಮ ಪಾಲಿಸಲೇಬೇಕು ಅಂತ ಸುಪ್ರೀಂ ಕೋರ್ಟು 2022ರಲ್ಲಿ ಕರ್ನಾಟಕದಿಂದಲೇ ಹೋಗಿದ್ದ ಒಂದು ಬ್ಯಾಂಕ್ ಪ್ರಕರಣದಲ್ಲಿ ಹೇಳಿತು. ಇದಕ್ಕೆ ಅರ್ಜಿ ಕೊಟ್ಟ ಮೇಲೆ ಅದೇ ತಕರಾರಿಗೆ ಬೇರೆ ಕೋರ್ಟಿಗೆ ಹೋಗುವಂತಿಲ್ಲ. ಪ್ರತಿ ಜಿಲ್ಲೆಯಲ್ಲೂ ಇದು ಇಲ್ಲ. ನಿಮ್ಮ ಜಿಲ್ಲೆ ಯಾವುದಕ್ಕೆ ಸೇರಿದೆ ಅಂತ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಅಧಿಕಾರಿ ಯಾಕೆ ಒಪ್ಪುತ್ತಾನೆ?

'ಸರಕಾರದವರು ಯಾಕೆ ಕಮ್ಮಿ ಮಾಡ್ಯಾರು?' ಅಂತ ಎಲ್ಲರೂ ಕೇಳುತ್ತಾರೆ. ಆಫೀಸಿನಲ್ಲಿ ಹೋಗಿ ಕೇಳಿದರೆ ಮಾಡುವುದಿಲ್ಲ, ನಿಜ. ತಾನೊಬ್ಬನೇ ಕಮ್ಮಿ ಮಾಡಿದರೆ ನಾಳೆ ಆಡಿಟ್‌ನಲ್ಲಿ ಯಾಕೆ ಬಿಟ್ಟೆ ಅಂತ ಕೇಳುತ್ತಾರೆ ಅನ್ನೋದು ಅವರ ಭಯ. ಲೋಕ ಅದಾಲತ್ತಿನ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇದೆ. ಆ ಕಾಗದ ಫೈಲಿನಲ್ಲಿದ್ದರೆ ಅಧಿಕಾರಿಗೂ ರಕ್ಷಣೆ. ಇಲಾಖೆಗೂ ವಸೂಲಿ ಬೇಗ ಆಗುತ್ತದೆ, ವರ್ಷಗಟ್ಟಲೆ ಕೇಸು ನಡೆಸುವ ಖರ್ಚು ಉಳಿಯುತ್ತದೆ. ಆದ್ದರಿಂದ ದಯೆ ಬೇಡಲು ಹೋಗಬೇಡಿ. ಅವರು ಫೈಲಿಗೆ ಬರೆಯಬಹುದಾದ ಕಾರಣವನ್ನು ಕೈಯಲ್ಲಿ ಹಿಡಿದು ಹೋಗಿ.

ಒಂದು ಲೆಕ್ಕ ನೋಡೋಣ

ಹತ್ತು ಎಚ್‌ಪಿ ತನಕದ ನೀರಾವರಿ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಉಚಿತ. ಅದೇ ಲೈನಿನಿಂದ ಬೇರೆ ಕೆಲಸಕ್ಕೆ ಯಂತ್ರ ಓಡಿಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ 'ಅನಧಿಕೃತ ಬಳಕೆ' ಆಗುತ್ತದೆ. ಎಷ್ಟು ಕಾಲ ಬಳಸಿದ್ದು ಅಂತ ಗೊತ್ತಾದರೆ ಅಷ್ಟಕ್ಕೆ, ಗೊತ್ತಾಗದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳಿಗೆ, ದರದ ಎರಡು ಪಟ್ಟು ಹಾಕುತ್ತಾರೆ.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ಒಬ್ಬ ರೈತನಿಗೆ 12 ತಿಂಗಳಿಗೆ 24,000 ರೂಪಾಯಿ ಹಾಕಿದ್ದಾರೆ. ಯಂತ್ರ ಕೊಂಡು ನಾಲ್ಕೇ ತಿಂಗಳಾಗಿದೆ, ಅಂಗಡಿಯ ರಸೀದಿ ಇದೆ. ಆ ರಸೀದಿ ತೋರಿಸಿದರೆ ಲೆಕ್ಕ ನಾಲ್ಕು ತಿಂಗಳಿಗೆ ಇಳಿಯಬೇಕು, ಅಂದರೆ 8,000. ಇದು ಚೌಕಾಸಿ ಅಲ್ಲ, ಕಾನೂನಿನ ಲೆಕ್ಕವೇ. 'ಬಡವ ಸ್ವಾಮಿ, ಬಿಟ್ಟುಬಿಡಿ' ಅಂತ ಹತ್ತು ಸಲ ಕೈಮುಗಿದರೂ ಆಗದ ಕೆಲಸ ಒಂದು ರಸೀದಿಯಿಂದ ಆಗುತ್ತದೆ. ಉಳಿದ 8,000ಕ್ಕೆ ಸುಗ್ಗಿ ನೋಡಿಕೊಂಡು ಕಂತು ಕೇಳಿ.

ಆದರೆ ಇಲ್ಲೊಂದು ಎಚ್ಚರ. ಮೊದಲು ಬರುವುದು ತಾತ್ಕಾಲಿಕ ಆದೇಶ. ಅದಕ್ಕೆ ಬರೆದು ಆಕ್ಷೇಪಣೆ ಸಲ್ಲಿಸಿ, ನಕಲಿನ ಮೇಲೆ ಆಫೀಸಿನ ಮೊಹರು ಹಾಕಿಸಿಕೊಳ್ಳಬೇಕು. ರಸೀದಿ ತೋರಿಸಬೇಕಾದ್ದೂ ಈ ಹಂತದಲ್ಲೇ. ಅಂತಿಮ ಆದೇಶ ಬಂದ ಮೇಲೆ ಮೇಲ್ಮನವಿಗೆ 30 ದಿನ ಮಾತ್ರ, ಹಾಕಿದ ಮೊತ್ತದ ಅರ್ಧ ಮೊದಲೇ ಕಟ್ಟಬೇಕು. ಮುಂದಿನ ಅದಾಲತ್ತಿನಲ್ಲಿ ನೋಡೋಣ ಅಂತ ಕೂತರೆ ಆ 30 ದಿನ ನಿಮಗಾಗಿ ನಿಲ್ಲುವುದಿಲ್ಲ. ರಾಜಿ ಮಾತು ಒಂದು ಕಡೆ ನಡೆಯಲಿ, ಗಡುವಿನ ಕಾಗದ ಇನ್ನೊಂದು ಕಡೆ ಹೋಗಲಿ.

ಕರೆಂಟು ಕಳ್ಳತನದ ಕೇಸು 135ನೇ ಕಲಮಿನದು, ಅದು ಅಪರಾಧ. ಅದಕ್ಕೆ 152ನೇ ಕಲಮಿನಲ್ಲಿ ರಾಜಿ ಶುಲ್ಕ ಕಟ್ಟಿ ಮುಗಿಸುವ ಅವಕಾಶ ಬೇರೆ ಇದೆ. ಎರಡನ್ನೂ ಕಲಸಬೇಡಿ. ನೋಟೀಸಿನಲ್ಲಿ ಯಾವ ಕಲಂ ಬರೆದಿದ್ದಾರೆ ಅಂತ ಮೊದಲು ಓದಿಸಿ.

ಭೂಸ್ವಾಧೀನದ ರಾಜಿ

ಇದು ನಮ್ಮಂಥ ಸಣ್ಣ ಹಿಡುವಳಿಯವರಿಗೆ ಬಹಳ ಮುಖ್ಯ. ಭೂಮಿ ಹೋದಾಗ ಒಬ್ಬ ರೈತ ಕೋರ್ಟಿಗೆ ಹೋಗಿ ಪರಿಹಾರ ಹೆಚ್ಚಿಸಿಕೊಂಡರೆ, ಅದೇ ಅಧಿಸೂಚನೆಯಲ್ಲಿ ಭೂಮಿ ಕಳಕೊಂಡ ಉಳಿದವರೂ ಆ ದರ ಕೇಳಬಹುದು. 1894ರ ಹಳೇ ಕಾಯ್ದೆಯಲ್ಲಿ ಅದು 28ಎ ಕಲಂ. 2013ರ ಕಾಯ್ದೆಯಲ್ಲಿ 73ನೇ ಕಲಂ. ಇದನ್ನು ನಂಬಿ ಎಷ್ಟೋ ಜನ 'ಅವನದು ಆಗಲಿ, ನಮಗೂ ಬರುತ್ತೆ' ಅಂತ ಸುಮ್ಮನಿರುತ್ತಾರೆ.

ಆದರೆ ಆ ಒಬ್ಬನ ಕೇಸು ಲೋಕ ಅದಾಲತ್ತಿನಲ್ಲಿ ರಾಜಿಯಾದರೆ? ನೊಯ್ಡಾ ಪ್ರಾಧಿಕಾರದ ಪ್ರಕರಣದಲ್ಲಿ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು: ಲೋಕ ಅದಾಲತ್ತಿನ ರಾಜಿ ಆದೇಶ ಕೋರ್ಟಿನ ತೀರ್ಪಲ್ಲ, ಅದನ್ನು ಹಿಡಿದು ಬೇರೆಯವರು 28ಎ ಅಡಿ ಹೆಚ್ಚಿಗೆ ಕೇಳುವಂತಿಲ್ಲ. ಅಂದರೆ ಪಕ್ಕದ ಹೊಲದವನ ರಾಜಿ ಪಕ್ಕದ ಹೊಲದವನಿಗೆ ಮಾತ್ರ. ನಿಮ್ಮ ಅರ್ಜಿ ನೀವೇ ಗಡುವಿನೊಳಗೆ ಹಾಕಬೇಕು. 2013ರ ಕಾಯ್ದೆಯಲ್ಲಿ, ಅವಾರ್ಡ್ ಮಾಡುವಾಗ ಹಾಜರಿದ್ದವರಿಗೆ ಅದು ಆರೇ ವಾರ. ಸಾಧ್ಯವಾದರೆ ಊರಿನವರೆಲ್ಲ ಅರ್ಜಿ ಹಾಕಿ, ಒಟ್ಟಿಗೇ ರಾಜಿಗೆ ಕೂರುವುದು ಒಳ್ಳೆಯದು.

ಸಹಿ ಹಾಕುವ ಮುಂಚೆ

ಲೋಕ ಅದಾಲತ್ತಿನ ಆದೇಶಕ್ಕೆ ಅಪೀಲು ಇಲ್ಲ. ಮೋಸದಿಂದ ಸಹಿ ಮಾಡಿಸಿಕೊಂಡಂಥ ಕೆಲವೇ ಕಾರಣಕ್ಕೆ ಹೈಕೋರ್ಟಿಗೆ ರಿಟ್ ಹೋಗಬಹುದು, ಅಷ್ಟೆ. ಆದ್ದರಿಂದ ಇಷ್ಟನ್ನು ನೋಡಿಕೊಳ್ಳಿ.

1. ಬಂದ ಅಧಿಕಾರಿಗೆ ರಾಜಿ ಮಾಡಿಕೊಳ್ಳುವ ಅಧಿಕಾರ ಇದೆಯೇ ಕೇಳಿ. 'ಮೇಲಿನವರನ್ನು ಕೇಳಬೇಕು' ಅಂದರೆ ಕೇಳಿಕೊಂಡು ಬರಲಿ, ಆಮೇಲೆ ಸಹಿ.

2. ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು ಅಂತ ಬಿಡಿಸಿ ಬರೆಸಿ. 'ಇದರಿಂದ ಈ ಬಾಕಿ ಪೂರ್ತಿ ತೀರಿತು' ಅನ್ನುವ ಸಾಲು ಇರಲೇಬೇಕು.

3. ಕಂತಿನ ತಾರೀಖು ಬೆಳೆ ಕೈಗೆ ಬರುವ ತಿಂಗಳಿಗೆ ಹೊಂದಿರಲಿ. ಮುಂಗಾರಿನ ಬಿತ್ತನೆ ಹೊತ್ತಿಗೆ ಕಂತು ಒಪ್ಪಿದರೆ ಬೀಜದ ದುಡ್ಡೇ ಹೋಗುತ್ತದೆ. ಮಳೆ ಕೈಕೊಟ್ಟರೆ ಒಂದು ಕಂತಿಗೆ ಇಷ್ಟು ತಿಂಗಳು ಕಾಲಾವಕಾಶ ಅಂತ ಬರೆಸಲು ಕೇಳಿ. ತಪ್ಪಿದರೆ ಅದೇ ಆದೇಶ ಡಿಕ್ರಿಯಂತೆ ಜಾರಿಗೆ ಬಂದು ಜಪ್ತಿಗೂ ದಾರಿಯಾಗುತ್ತದೆ.

4. ಓದಿ ಹೇಳಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ. ಆದೇಶದ ನಕಲು ಪಡೆದು, ಕಟ್ಟಿದ ರಸೀದಿಗಳ ಜೊತೆ ಇಡಿ.

5. ಒಪ್ಪಿಗೆಯಾಗದಿದ್ದರೆ ಬೇಡ ಅನ್ನಿ. ಬೇಡ ಅಂದದ್ದಕ್ಕೆ ಯಾವ ಶಿಕ್ಷೆಯೂ ಇಲ್ಲ.

ಒಂದು ಮಾತು ಸೇರಿಸಬೇಕು. ಎಲ್ಲದಕ್ಕೂ ರಾಜಿ ಮದ್ದಲ್ಲ. ಸರಕಾರಿ ಜಮೀನಿನ ಒಡೆತನವನ್ನು ಯಾವ ಅಧಿಕಾರಿಯೂ ಮೇಜಿನ ಮೇಲೆ ಬಿಟ್ಟುಕೊಡಲಾರ. ಸಾಮಾನ್ಯವಾಗಿ ಮಾತುಕತೆಗೆ ಬಗ್ಗುವುದು ಮೊತ್ತ, ಬಡ್ಡಿ, ಕಂತು, ಕಾಲ. ನೋಟೀಸೇ ಕಾನೂನಿಗೆ ವಿರುದ್ಧ ಅಂತ ವಕೀಲರು ಹೇಳಿದರೆ, ಅರ್ಧ ಕಟ್ಟಿ ಕೈತೊಳೆಯುವ ಬದಲು ಹೋರಾಡುವುದೇ ಸರಿ.

ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಳಿದವರಿಗೆ ಆದಾಯದ ಮಿತಿಯೊಳಗೆ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಫೋನಿನಲ್ಲಿ ಕೇಳುವುದಾದರೆ 15100. ನೋಟೀಸು, ಅದು ಕೈಗೆ ಬಂದ ತಾರೀಖಿನ ಕವರು, ಪಹಣಿ, ಹಳೇ ರಸೀದಿಗಳು ಇವಿಷ್ಟನ್ನು ಒಂದು ಚೀಲದಲ್ಲಿ ಹಾಕಿಕೊಂಡು, ನೋಟೀಸು ಬಂದ ವಾರದೊಳಗೇ ಹೋಗಿ.